ಒಂದರಿಂದ ಮೂರರವರೆಗಿನ ಬಿಸಿಲು

ಗುಡ್ರುನ್ ಲೋಟ್ಸೆ ಯಾರ ಜೊತೆ ಮಾತಾಡಿದರೂ ಮುಖ ನೋಡುತ್ತಿರಲಿಲ್ಲ, ನೆತ್ತಿ ನೋಡುತ್ತಿದ್ದರು. ಅದು ಸೊಕ್ಕಲ್ಲ, ಅಭ್ಯಾಸ. ಹತ್ತೊಂಬತ್ತನೇ ವಯಸ್ಸಿಗೆ ರೋಸ್ಟಾಕಿನ ಹಡಗು ಕಟ್ಟುವ ಅಂಗಳದಲ್ಲಿ ಕ್ರೇನ್ ನಡೆಸಲು ಸೇರಿ, ಇಪ್ಪತ್ತೆರಡು ವರ್ಷ ನೆಲದಿಂದ ನಲವತ್ತು ಮೀಟರ್ ಮೇಲೆ ಗಾಜಿನ ಗೂಡಿನಲ್ಲಿ ಕೂತವರು. ಅಷ್ಟು ಎತ್ತರದಿಂದ ಮನುಷ್ಯ ಎಂದರೆ ಒಂದು ಹೆಲ್ಮೆಟ್ಟು, ಎರಡು ಭುಜ.

"ಮೇಲಿಂದ ನೋಡಿದ್ರೆ ಜನರಲ್ಲಿ ಎರಡೇ ಜಾತಿ," ಅನ್ನುತ್ತಿದ್ದರು. "ಪಕ್ಕಕ್ಕೆ ಸರಿಯೋರು, ಸರಿಯದೇ ಇರೋರು."

ಪೂರ್ವ-ಪಶ್ಚಿಮದ ನಡುವಿನ ಗೋಡೆ ಬಿದ್ದು ದೇಶ ಒಂದಾದ ಮೇಲೆ ಅಂಗಳದಲ್ಲಿ ಕೆಲಸ ಕಡಿಮೆಯಾಯಿತು. ಕ್ರೇನನ್ನು ಬಿಚ್ಚಿ ಯಾವುದೋ ದೂರದ ಬಂದರಿಗೆ ಮಾರಿದರು. ಬಿಚ್ಚಿದ ತುಂಡುಗಳನ್ನು ಹಡಗಿಗೆ ಏರಿಸಿದ್ದು ಪಕ್ಕದ ಕ್ರೇನ್. ಅದನ್ನು ನಡೆಸಿದ್ದು ಗುಡ್ರುನ್. ಆಮೇಲೆ ಹದಿನೆಂಟು ವರ್ಷ ಒಂದು ಅಂಗಡಿಯಲ್ಲಿ ಗಲ್ಲಾದ ಮುಂದೆ ಕೂತು ಬೆಣ್ಣೆ, ಬಿಯರು, ಬೆಕ್ಕಿನ ಆಹಾರ ದಾಟಿಸಿದರು. ಅದನ್ನವರು ಕೆಲಸದ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. "ಐದು ಕಿಲೋ ಒಳಗಿನದೆಲ್ಲ ಭಾರ ಅಲ್ಲ ಬಿಡಿ," ಅನ್ನುತ್ತಿದ್ದರು.

ನನ್ನ ಹೆಸರು ಹೆನಿಂಗ್. ಅವರ ಕೆಳಗಿನ ಮನೆ ನನ್ನದು. ಬೇಕರಿಯಲ್ಲಿ ಬ್ರೆಡ್ಡು ಸುಡುವವನು. ಊರಿಗೆ ಬೆಳಗಾಗುವಾಗ ನನ್ನ ಕೆಲಸ ಮುಗಿಯುತ್ತದೆ, ಊರು ಊಟಕ್ಕೆ ಕೂರುವಾಗ ನಾನು ಮಲಗುತ್ತೇನೆ. ಇದನ್ನು ಮೊದಲೇ ಹೇಳಿಬಿಡಬೇಕು. ಮುಂದೆ ನಡೆದ ಜಗಳದಲ್ಲಿ ನನ್ನ ನಿದ್ದೆಯನ್ನು, ನನ್ನನ್ನು ಕೇಳದೆಯೇ, ಸಾಕ್ಷಿಗೆ ಎಳೆದರು.

ನಮ್ಮದು ಕಾಂಕ್ರೀಟ್ ಹಲಗೆಗಳನ್ನು ಜೋಡಿಸಿ ನಿಲ್ಲಿಸಿದ ಐದು ಅಂತಸ್ತಿನ ಕಟ್ಟಡ. ನಾಲ್ಕನೆಯದರಲ್ಲಿ ಯಾರಾದರೂ ಸೀನಿದರೆ ಒಂದನೆಯದರಲ್ಲಿ "ದೇವರು ಕಾಯಲಿ" ಅನ್ನುತ್ತಾರೆ. ಬಾಲ್ಕನಿಗಳೆಲ್ಲ ನೇರ ದಕ್ಷಿಣಕ್ಕೆ. ಗುಡ್ರುನ್ ಅವರದು ಮೂರನೇ ಅಂತಸ್ತು. ಬೇಸಿಗೆಯಲ್ಲಿ ಅವರ ಬಾಲ್ಕನಿಯಲ್ಲಿ ಟೊಮೆಟೊ ಹಣ್ಣಾಗುತ್ತಿರಲಿಲ್ಲ, ಬೇಯುತ್ತಿತ್ತು.

ಬಾಡಿಗೆದಾರರು ಬಾಲ್ಕನಿಗೆ ಸೋಲಾರ್ ಫಲಕ ಕಟ್ಟಿಕೊಳ್ಳಬಹುದು, ಮನೆಯ ಒಡೆಯರು ಸುಮ್ಮಸುಮ್ಮನೆ ಬೇಡ ಅನ್ನುವಂತಿಲ್ಲ ಎಂದು ಕಾನೂನು ಬಂದದ್ದು ಅವರು ಎಪ್ಪತ್ಮೂರಕ್ಕೆ ಬಿದ್ದ ವರ್ಷ. ಎರಡು ಫಲಕ, ಒಂದು ಸಣ್ಣ ಇನ್ವರ್ಟರ್, ಒಂದು ತಂತಿ. ತಂತಿಯ ತುದಿಯ ಪ್ಲಗ್ಗನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದರೆ ಆಯಿತು. ಕರೆಂಟು ಸಾಕೆಟ್ಟಿನಿಂದ ಬರುವ ಬದಲು ಸಾಕೆಟ್ಟಿಗೆ ಹೋಗುತ್ತದೆ. ಹಳೆಯ ಸೈಕಲ್ಲಿನ ಬೆಲೆಗೆ ಸಿಗುತ್ತಿತ್ತು. ಗುಡ್ರುನ್ ವಸತಿ ಸಹಕಾರ ಸಂಘಕ್ಕೆ ಅರ್ಜಿ ಬರೆದರು.

ಸಂಘದ ಎಂಜಿನಿಯರ್ ಮರುಪತ್ರ ಬರೆದ: ಒಂದೊಂದು ಫಲಕ ಇಪ್ಪತ್ತೊಂದು ಕಿಲೋ. ಬಾಲ್ಕನಿಯ ಕಂಬಿ ಇಷ್ಟು ಭಾರ ತಡೆಯುತ್ತದೆ ಎನ್ನುವುದಕ್ಕೆ ಆಧಾರವೇನು?

ಗುಡ್ರುನ್ ಉತ್ತರಿಸಿದರು: ನನ್ನ ಗಂಡ ಡೀಟ್ಮಾರ್ ಹದಿನೆಂಟು ವರ್ಷ ಪ್ರತಿ ಸಂಜೆ ಇದೇ ಕಂಬಿಗೆ ಒರಗಿ ಸಿಗರೇಟು ಸೇದಿದ್ದಾನೆ. ತೂಕ ನೂರಹತ್ತು ಕಿಲೋ, ಬಿಯರ್ ಬಿಟ್ಟು.

ಎಂಜಿನಿಯರ್ ತಮಾಷೆ ಗೊತ್ತಿದ್ದವನೋ, ಗೊತ್ತಿಲ್ಲದವನೋ, ಇವತ್ತಿಗೂ ತಿಳಿಯದು. ಮತ್ತೆ ಬರೆದ: ತಮ್ಮ ಪತಿಯನ್ನು ಸ್ಥಿರ ಭಾರವೆಂದು ಪರಿಗಣಿಸಬೇಕೋ, ಚಲ ಭಾರವೆಂದೋ?

"ಸ್ಥಿರ ಅಂದ್ಕೊಂಡಿದ್ದೆ," ಎಂದು ಗುಡ್ರುನ್ ಬರೆದರು. "ತೊಂಬತ್ತೆರಡರಲ್ಲಿ ಲ್ಯೂಬೆಕ್‌ನ ಒಬ್ಬಳ ಜೊತೆ ಹೊರಟ ಮೇಲೆ ಚಲ ಅಂತ ಗೊತ್ತಾಯ್ತು."

ಹನ್ನೊಂದು ಷರತ್ತುಗಳ ಮೇಲೆ ಒಪ್ಪಿಗೆ ಬಂತು.

ಫಲಕಗಳು ಬಂದ ದಿನ ನಾನು ಮಲಗಲಿಲ್ಲ. ಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಹಿಡಿಯಲಿಲ್ಲ. ತಂದವನು ಅದನ್ನು ಹುಲ್ಲಿನ ಮೇಲೆ ಇಟ್ಟು, "ಮನೆ ಬಾಗಿಲ ತನಕ ಅಂತ ಮಾತು. ಇದೂ ಬಾಗಿಲೇ," ಎಂದು ಹೋದ. ಗುಡ್ರುನ್ ಮೇಲೆ ಹೋಗಿ ಬಾಲ್ಕನಿಯ ಸೂರಿನ ಕೊಕ್ಕೆಗೆ ರಾಟೆ ಸಿಕ್ಕಿಸಿ ಹಗ್ಗ ಇಳಿಬಿಟ್ಟರು.

"ಹೆನಿಂಗ್! ಕೆಳಗೆ ಹೋಗಿ ಕಟ್ರಪ್ಪ. ಎರಡು ಸುತ್ತು, ಅಡ್ಡ ಒಂದು. ಶೂ ಲೇಸಿನ ಗಂಟು ಹಾಕ್ಬೇಡಿ, ನಿಮ್ಮನ್ನ ನಾನು ಬಲ್ಲೆ."

"ಗಾಳಿ ಇದೆಯಲ್ಲ?"

"ಇದನ್ನ ಗಾಳಿ ಅಂತೀರಾ? ಇದು ಯಾರೋ ಬಾಗಿಲು ತೆಗೆದಿಟ್ಟಿದ್ದಾರೆ ಅಷ್ಟೆ."

ಕಟ್ಟಡದ ಅರ್ಧ ಜನ ಹೊರಬಂದು ನಿಂತರು. ಇಪ್ಪತ್ತೊಂದು ಕಿಲೋ, ಒಬ್ಬ ಮುದುಕಿಯ ಕೈಯಲ್ಲಿ, ನನ್ನ ಕಿಟಕಿಯ ಮುಂದೆ ಒಮ್ಮೆಯೂ ತೂಗಾಡದೆ ಮೇಲೆ ಹೋಯಿತು. ಎರಡನೆಯದೂ ಹಾಗೇ. ಯಾರೋ ಚಪ್ಪಾಳೆ ತಟ್ಟಿದರು. ಗುಡ್ರುನ್ ಕೆಳಗೆ ಬಗ್ಗಿ, "ಭಾರದ ಅಡಿಯಲ್ಲಿ ನಿಲ್ಲಬೇಡಿ!" ಎಂದರು. ಆಗ ಹಗ್ಗದಲ್ಲಿ ಏನೂ ಇರಲಿಲ್ಲ. ಆದರೂ ಎಲ್ಲರೂ ಸರಿದರು.

ನೆಲಮಾಳಿಗೆಯಲ್ಲಿದ್ದ ಅವರ ಮೀಟರು ಹಳೆಯ ಕಾಲದ್ದು, ಒಳಗೆ ಅಲ್ಯೂಮಿನಿಯಂ ಬಿಲ್ಲೆ ತಿರುಗುವಂಥದ್ದು. ಮೊದಲ ಬಿಸಿಲಿನ ದಿನ ಅದು ನಿಧಾನವಾಗಿ, ನಿಂತು, ಸ್ವಲ್ಪ ಯೋಚಿಸಿ, ಹಿಂದಕ್ಕೆ ತಿರುಗತೊಡಗಿತು. ಜನ ಇಳಿದು ಬಂದು ನೋಡಿದರು. ಒಬ್ಬರು ಮೊಮ್ಮಕ್ಕಳಿಗೆ ತೋರಿಸಲು ವಿಡಿಯೊ ಮಾಡಿಕೊಂಡರು. ಹೊಸ ಮೀಟರು ಬರುವ ತನಕ ಇದು ಕಾನೂನಿಗೆ ವಿರುದ್ಧವಲ್ಲ ಎಂದು ಗುಡ್ರುನ್ ಒಂದು ಚೀಟಿ ಬರೆದು ಅಂಟಿಸಿದ್ದರು. ಐದು ವಾರ ಬಿಲ್ಲೆ ಹಿಂದಕ್ಕೆ ತಿರುಗಿತು. ಆಮೇಲೆ ಡಿಜಿಟಲ್ ಮೀಟರು ಬಂತು. ಅದಕ್ಕೆ ಬಿಲ್ಲೆಯೂ ಇಲ್ಲ, ಹಿಂದೆ ಹೋಗುವ ಬುದ್ಧಿಯೂ ಇಲ್ಲ. ಬಳಸದೆ ಉಳಿದ ಕರೆಂಟು ಅಂದಿನಿಂದ ಬೀದಿಯ ತಂತಿಗೆ ದಾನ.

ದಾನ ಗುಡ್ರುನ್ ಅವರ ಸ್ವಭಾವವಲ್ಲ. ಬಿಸಿಲಿದ್ದಾಗಲೇ ಬಳಸಿ ಮುಗಿಸಬೇಕೆಂದು ಇಡೀ ದಿನಚರಿಯನ್ನು ನಡುಹಗಲಿಗೆ ಎಳೆದು ತಂದರು. ನಮ್ಮ ಊರಲ್ಲಿ ಬೇಸಿಗೆಯ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಪ್ರಕಾರ ಒಂದೂಕಾಲಿಗೆ. ಒಂದೂಕಾಲಿಗೆ ಅವರ ವಾಷಿಂಗ್ ಮೆಷಿನ್ ಶುರುವಾಗುತ್ತಿತ್ತು.

ಮೆಟ್ಟಿಲ ಬುಡದಲ್ಲಿ, ಗಾಜಿನ ಚೌಕಟ್ಟಿನೊಳಗೆ, ಕಟ್ಟಡದ ನಿಯಮಗಳು ತೂಗುಹಾಕಿವೆ. ನಾಲ್ಕನೆಯದು: ಮಧ್ಯಾಹ್ನ ಒಂದರಿಂದ ಮೂರರವರೆಗೆ ಮೌನ. ಅದರ ಕೆಳಗಿನ ಸಹಿ ಕ್ಲೌಸ್-ಪೇಟರ್ ಬುರ್ಮೈಸ್ಟರ್ ಅವರದು. ನೆಲ ಅಂತಸ್ತಿನಲ್ಲಿದ್ದಾರೆ. ರೈಲ್ವೆಯಲ್ಲಿ ವೇಳಾಪಟ್ಟಿ ತಯಾರಿಸುವ ಕೆಲಸದಲ್ಲಿದ್ದು ನಿವೃತ್ತರಾದವರು. ಎಪ್ಪತ್ತನಾಲ್ಕರಲ್ಲಿ ಕಟ್ಟಡ ತುಂಬಿದಾಗ ಜನ ಅವರನ್ನು ಮೇಲ್ವಿಚಾರಕ ಎಂದು ಆರಿಸಿದರು. ಮತ್ತೆ ಯಾರೂ ಬೇರೆಯವರನ್ನು ಆರಿಸಲು ನೆನಪು ಮಾಡಿಕೊಳ್ಳಲಿಲ್ಲ. ಅವರ ಬಾಲ್ಕನಿಯ ಮುಂದೆ ದೊಡ್ಡ ಲಿಂಡೆನ್ ಮರ. ಬಿಸಿಲೆಂಬುದು ಅವರ ಮನೆಗೆ ಬಂದಿದ್ದೇ ಇಲ್ಲ.

ಮೂರನೇ ದಿನ ಅವರು ಮೆಟ್ಟಿಲು ಹತ್ತಿ ಬಂದರು. ನನ್ನ ಬಾಗಿಲ ಮುಂದೆಯೇ ಇಬ್ಬರೂ ಎದುರಾದರು. ನಾನು ಪೈಜಾಮದಲ್ಲಿ ಒಳಗೇ ನಿಂತು ಕೇಳಿಸಿಕೊಂಡೆ. ಬಾಗಿಲು ತೆಳು.

"ಲೋಟ್ಸೆಯವರೇ, ಒಂದೂ ಇಪ್ಪತ್ತು."

"ನನ್ನ ಹತ್ರಾನೂ ಗಡಿಯಾರ ಇದೆ, ಬುರ್ಮೈಸ್ಟರ್ ಅವರೇ."

"ನಿಯಮ ನಾಲ್ಕು."

"ಸೂರ್ಯನಿಗೆ ಹೇಳಿ. ಅವನು ಹನ್ನೊಂದಕ್ಕೆ ಬಂದ್ರೆ ನಾನು ಹನ್ನೊಂದಕ್ಕೆ ಒಗೀತೀನಿ."

"ಸೂರ್ಯ ಈ ಕಟ್ಟಡದ ಬಾಡಿಗೆದಾರ ಅಲ್ಲ. ನೀವು ಹೌದು. ಕೆಳಗೆ ಬೇಕರಿಯವರು ಮಲಗಿರ್ತಾರೆ. ಆ ಮನುಷ್ಯನ ನಿದ್ದೆ ಬಗ್ಗೆ ಆದ್ರೂ ಸ್ವಲ್ಪ ಯೋಚನೆ ಮಾಡಿ."

ಹನ್ನೆರಡು ವರ್ಷದಲ್ಲಿ ಬುರ್ಮೈಸ್ಟರ್ ನನ್ನ ನಿದ್ದೆಯ ಬಗ್ಗೆ ಯೋಚಿಸಿದ್ದು ನನಗೆ ಗೊತ್ತಿರಲಿಲ್ಲ. ಮನಸ್ಸು ತುಂಬಿಬಂತು. ಹೊರಗೆ ಹೋಗಿ ಧನ್ಯವಾದ ಹೇಳುವಷ್ಟಲ್ಲ.

ಜೂನ್ ತಿಂಗಳಲ್ಲಿ ಬಟ್ಟೆ ಒಣಹಾಕುವ ಕೋಣೆಯಲ್ಲಿ ಸಭೆ ಸೇರಿತು. ಹಗ್ಗದ ಮೇಲೆ ಯಾರದೋ ಹಾಸಿಗೆ ಹೊದಿಕೆಗಳಿದ್ದವು. ಹಿಂದಿನ ಸಾಲಿನವರು ಅವನ್ನು ಸರಿಸಿಕೊಂಡು ಮಾತಾಡಬೇಕಾಗಿತ್ತು. ಗುಡ್ರುನ್ ಎದ್ದು ನಿಂತರು. ಬರೆದು ತಂದಿರಲಿಲ್ಲ.

"ನಿಯಮ ಬರೆದದ್ದು ಯಾವ ವರ್ಷ, ಬುರ್ಮೈಸ್ಟರ್ ಅವರೇ?"

"ಸಾವಿರದ ಒಂಬೈನೂರ ಎಪ್ಪತ್ತನಾಲ್ಕು. ಅಕ್ಟೋಬರ್."

"ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದೆ ಇಡೋ ಪದ್ಧತಿ ನಮ್ಮ ಕಡೆ ಬಂದದ್ದು ಯಾವಾಗ?"

ಬುರ್ಮೈಸ್ಟರ್ ಉತ್ತರಿಸಲು ತಡಮಾಡಿದರು. ಅವರಿಗೆ ಗೊತ್ತಿಲ್ಲವೆಂದಲ್ಲ. ಆ ರಾತ್ರಿಗಾಗಿ ಇಡೀ ಜಿಲ್ಲೆಯ ವೇಳಾಪಟ್ಟಿ ತಿದ್ದಿದ್ದು ಅವರೇ. "ಎಂಬತ್ತು," ಎಂದರು. "ಏಪ್ರಿಲ್ ಆರು."

"ಹಾಗಾದ್ರೆ ನೀವು ಎಪ್ಪತ್ತನಾಲ್ಕರಲ್ಲಿ ಒಂದು ಗಂಟೆ ಅಂತ ಬರೆದದ್ದು, ಇವತ್ತಿನ ಗಡಿಯಾರದಲ್ಲಿ ಎರಡು. ಒಂದೂಕಾಲಿಗೆ ನಾನು ಮೆಷಿನ್ ಹಾಕಿದಾಗ ನಿಮ್ಮ ನಿಯಮದ ಪ್ರಕಾರ ಹನ್ನೆರಡೂಕಾಲು. ನಾನು ನಿಯಮ ಮುರಿದಿಲ್ಲ. ಗಡಿಯಾರ ಮುರಿದಿದೆ."

ಬುರ್ಮೈಸ್ಟರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬೇರೆ ಯಾರಾದರೂ ಆಗಿದ್ದರೆ ಇದು ಕುತರ್ಕ ಎಂದು ಬಿಡುತ್ತಿದ್ದರು. ಆದರೆ ನಲವತ್ತು ವರ್ಷ ವೇಳಾಪಟ್ಟಿ ಬರೆದ ಮನುಷ್ಯನಿಗೆ ಸರಿಯಾದ ಲೆಕ್ಕವನ್ನು ಸುಳ್ಳು ಅನ್ನುವುದು ಸಾಧ್ಯವಿರಲಿಲ್ಲ.

"ಅದು ಸರಿ," ಎಂದರು. "ಹಾಗಾದ್ರೆ ಚಳಿಗಾಲದಲ್ಲಿ ಒಂದರಿಂದಲೇ."

"ಚಳಿಗಾಲದಲ್ಲಿ ಬಿಸಿಲೇ ಇರಲ್ಲ. ಇಟ್ಕೊಳ್ಳಿ."

ಮತಕ್ಕೆ ಹಾಕಿದರು. ನಾನು ಕೈ ಎತ್ತಿದೆ. ನನ್ನ ನಿದ್ದೆಯ ಮೊದಲ ಗಂಟೆಯನ್ನು ನಾನೇ ಕೈ ಎತ್ತಿ ಕೊಟ್ಟೆನೆಂಬುದು ಮನೆಗೆ ಬಂದ ಮೇಲೆ ಹೊಳೆಯಿತು.

ಮರುದಿನ ಒಂದೂ ಹತ್ತಕ್ಕೆ ಮೆಷಿನ್ ಶುರುವಾಯಿತು, ಗೆದ್ದವರ ಮೆಷಿನ್ನು. ನಾನು ದಿಂಬಿನಡಿ ತಲೆ ಇಟ್ಟು ಮಲಗಿದ್ದೆ. ನೀರು ಹಿಂಡುವ ಸುತ್ತು ಬಂದಾಗ ಇಡೀ ಗೋಡೆ ಗುಂಯ್‌ಗುಟ್ಟಿತು; ಎದ್ದು ಕಿಟಕಿಗೆ ಬಂದೆ. ಕೆಳಗೆ ಬೂದು ಬಣ್ಣದ ಟೋಪಿ ಹಾಕಿಕೊಂಡ ಹೆಂಗಸೊಬ್ಬರು, ಕೈಯಲ್ಲಿ ಚೀಲ ಹಿಡಿದು, ಟ್ರಾಮ್ ನಿಲ್ದಾಣದ ಕಡೆ ನಡೆಯುತ್ತಿದ್ದರು. ಯಾರಿರಬಹುದು ಎಂದು ನಾನು ಯೋಚಿಸುವಷ್ಟರಲ್ಲಿ ಮೇಲಿನ ಬಾಲ್ಕನಿಯಿಂದ ಗುಡ್ರುನ್ ಧ್ವನಿ ಬಂತು.

"ಅದು ಇರ್ಮ್‌ಗಾರ್ಡ್! ಕಾಲಲ್ಲಿ ಮನೆ ಚಪ್ಪಲಿ!"

ಇರ್ಮ್‌ಗಾರ್ಡ್ ಎಂದರೆ ಬುರ್ಮೈಸ್ಟರ್ ಅವರ ಹೆಂಡತಿ. ಎರಡು ವರ್ಷದಿಂದ ಅವರು ಹೊರಗೆ ಕಾಣಿಸಿರಲಿಲ್ಲ. ಮಂಡಿ ನೋವಿರಬೇಕೆಂದು ನಾವೆಲ್ಲ ನಮ್ಮಷ್ಟಕ್ಕೆ ತೀರ್ಮಾನಿಸಿದ್ದೆವು. ಗುಡ್ರುನ್ ಮಾತ್ರ ಮುಖ ಕಾಣದೆ, ಬರೀ ಟೋಪಿ ಮತ್ತು ಭುಜ ನೋಡಿ ಗುರುತು ಹಿಡಿದರು. ಅವರು ಮೆಟ್ಟಿಲಿಳಿದ ಸದ್ದು ಕೇಳಿತು. ನಾನೂ ಪೈಜಾಮದಲ್ಲೇ ಹಿಂದೆ ಓಡಿದೆ. ಹಳಿಯ ಹತ್ತಿರ ಹಿಡಿದೆವು.

"ಎಲ್ಲಿಗೆ ಹೊರಟ್ರಿ, ಇರ್ಮ್‌ಗಾರ್ಡ್?" ಗುಡ್ರುನ್‌ಗೆ ಏದುಸಿರು. ಆದರೂ ಸಂತೆಗೆ ಹೊರಟವರನ್ನು ಕೇಳುವಂತೆ ಕೇಳಿದರು.

"ಸಾಸ್ನಿಟ್ಸ್‌ಗೆ, ನಮ್ಮ ಊರಿಗೆ. ಎಂಜಿನ್ ಶುರು ಆಯ್ತಲ್ಲ, ಕೇಳಿಸ್ಲಿಲ್ವಾ? ಅಮ್ಮ ಸ್ಟೇಷನ್ನಲ್ಲಿ ಕಾಯ್ತಾ ಇರ್ತಾಳೆ. ಟಿಕೆಟ್ ಸಿಗ್ತಾ ಇಲ್ಲ." ಚೀಲ ತೆರೆದು ತೋರಿಸಿದರು. ಒಳಗೆ ಒಂದು ಬಟ್ಟೆ ಬ್ರಷ್ಷು, ಎರಡು ಆಲೂಗಡ್ಡೆ.

"ಆ ರೈಲು ಇವತ್ತು ರದ್ದಾಗಿದೆ," ಎಂದರು ಗುಡ್ರುನ್. "ನಿಮ್ಮ ಯಜಮಾನರನ್ನೇ ಕೇಳೋಣ ಬನ್ನಿ, ಅವರಿಗೆ ಎಲ್ಲಾ ರೈಲೂ ಗೊತ್ತು."

ನೆಲ ಅಂತಸ್ತಿನ ಬಾಗಿಲು ಹಾರುಹೊಡೆದಿತ್ತು. ಬುರ್ಮೈಸ್ಟರ್ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದರು, ಶೂ ಬಿಚ್ಚದೆ. ಎಬ್ಬಿಸಿದಾಗ ಮೊದಲು ಗಡಿಯಾರ ನೋಡಿದರು, ಆಮೇಲೆ ಹೆಂಡತಿಯ ಟೋಪಿ. ಏನಾಯಿತೆಂದು ನಾವು ಹೇಳಬೇಕಾಗಲಿಲ್ಲ. ಇರ್ಮ್‌ಗಾರ್ಡ್ ಅವರನ್ನು ಮಲಗಿಸಿ ಬಂದರು. ಬಾಗಿಲಿಗೆ ಎರಡನೇ ಚಿಲಕ ಹಾಕಿದರು, ಅದು ಹೊಸದಾಗಿತ್ತು.

"ರಾತ್ರಿ ಅವಳು ಮಲಗಲ್ಲ," ಎಂದರು. "ಒಂದರಿಂದ ಮೂರು ಮಲಗ್ತಾಳೆ. ಆಗ ನಾನೂ."

"ಇದನ್ನ ಸಭೇಲಿ ಯಾಕೆ ಹೇಳ್ಲಿಲ್ಲ?"

"ಕಾರ್ಯಸೂಚಿಯಲ್ಲಿ ಇರಲಿಲ್ಲ."

ಗುಡ್ರುನ್ ಬೇಸಿಗೆ ಬಿಸಿಲಲ್ಲಿ ನಿಂತವರಂತೆ ಕೆಂಪಾಗಿದ್ದರು. "ಬೇಕರಿಯವರ ನಿದ್ದೆ ಅಂತ ಅಂದ್ರಲ್ಲ ಮತ್ತೆ."

"ಅವರೂ ಮಲಗ್ತಾರಲ್ಲ," ಎಂದರು ಬುರ್ಮೈಸ್ಟರ್. ಹಾಗೆ ನಾನು ಈ ಜಗಳಕ್ಕೆ ಬಂದದ್ದು.

ಗುಡ್ರುನ್ ಮೇಲೆ ಹೊರಟರು. ನನ್ನ ಬಾಗಿಲ ಹತ್ತಿರ ನಿಂತು, ಮೊದಲ ಸಲ ನನ್ನ ನೆತ್ತಿ ಬಿಟ್ಟು ಮುಖ ನೋಡಿದರು. "ಭಾರ ಎತ್ತೋಕೆ ಮುಂಚೆ ಕೆಳಗೆ ಯಾರಿದ್ದಾರೆ ಅಂತ ನೋಡ್ಬೇಕು. ಮೊದಲನೇ ದಿನ ಕಲಿಸೋದೇ ಅದು," ಎಂದರು.

ಮತ ಹಾಕಿ ಗೆದ್ದ ಹಕ್ಕು ಒಂದೇ ದಿನ ಬಳಕೆಯಾಯಿತು. ಆದರೆ ಬಿಸಿಲನ್ನು ಬೀದಿಗೆ ಬಿಟ್ಟುಕೊಡಲು ಅವರು ತಯಾರಿರಲಿಲ್ಲ. ಸದ್ದು ಮಾಡುವುದು ಒಗೆಯುವುದಲ್ಲ, ಹಿಂಡುವುದು ಎಂದು ಕಂಡುಕೊಂಡರು. ಮೆಷಿನ್ನಿನ ಅಡಿಗೆ ದಪ್ಪ ರಬ್ಬರ್ ಹಾಸಿ, ಹಿಂಡುವ ಸುತ್ತನ್ನು ನಿಲ್ಲಿಸಿಟ್ಟು, ಬಟ್ಟೆಗಳನ್ನು ಕೈಯಲ್ಲೇ ಹಿಂಡತೊಡಗಿದರು. ಕ್ರೇನಿನ ಸನ್ನೆಕೋಲು ಹಿಡಿದ ಕೈಗಳು ನಿಜ, ಆದರೆ ಎಪ್ಪತ್ತು ದಾಟಿದ್ದವು. ಉಳಿದ ನೀರು ಅವರ ಬಾಲ್ಕನಿಯಿಂದ ನನ್ನ ಬಾಲ್ಕನಿಗೆ ಇಳಿಯುತ್ತಿತ್ತು. ನನ್ನ ಜೆರೇನಿಯಂ ಗಿಡಗಳು ಸೋಪಿನ ನೀರು ಕುಡಿದು ಸತ್ತವು. ಆ ವಿಷಯ ನಾನು ಯಾರಿಗೂ ಹೇಳಲಿಲ್ಲ, ಅದೂ ಕಾರ್ಯಸೂಚಿಯಲ್ಲಿರಲಿಲ್ಲ.

ಆಮೇಲೆ ಅಡುಗೆ. ಏಳುನೂರು ವಾಟಿನ ಒಂದು ಒಂಟಿ ಒಲೆ ತಂದರು. ಬಿಸಿಲು ಚೆನ್ನಾಗಿದ್ದರೆ ಫಲಕಗಳೇ ಅದನ್ನು ಹೊರುತ್ತವೆ. ಹತ್ತು ನಿಮಿಷ ಕುದಿಸುವುದು, ಒಲೆ ಆರಿಸುವುದು, ಪಾತ್ರೆಯನ್ನು ಉಣ್ಣೆ ಕಂಬಳಿ ತುಂಬಿದ ಮರದ ಪೆಟ್ಟಿಗೆಯಲ್ಲಿ ಹೂತಿಡುವುದು. ಯುದ್ಧದ ನಂತರ ಸೌದೆ ಇಲ್ಲದ ಕಾಲದಲ್ಲಿ ಅವರ ಅಜ್ಜಿ ಹುಲ್ಲಿನ ಪೆಟ್ಟಿಗೆಯಲ್ಲಿ ಹೀಗೇ ಮಾಡುತ್ತಿದ್ದರಂತೆ. ಬಟಾಣಿ ಸೂಪು ಎರಡೂವರೆ ಗಂಟೆಯಲ್ಲಿ ತನ್ನಷ್ಟಕ್ಕೆ ಬೇಯುತ್ತಿತ್ತು, ಚಕಾರವೆತ್ತದೆ. ಹಾಲಿನಲ್ಲಿ ಬೇಯಿಸುವ ಅನ್ನಕ್ಕೆ ಮಾತ್ರ ಪೆಟ್ಟಿಗೆ ಸಾಲದು ಎಂಬ ನಂಬಿಕೆ. ಅದನ್ನು ಟವೆಲ್ಲಿನಲ್ಲಿ ಸುತ್ತಿ, ತಮ್ಮ ಹಾಸಿಗೆಯಲ್ಲಿ ಗರಿ ತುಂಬಿದ ಹೊದಿಕೆಯಡಿ ಮಲಗಿಸುತ್ತಿದ್ದರು. "ಡೀಟ್ಮಾರ್ ಹೋದ ಮೇಲೆ ಆ ಪಕ್ಕ ಖಾಲಿ ಇತ್ತು," ಎಂದರು. "ಇದು ಗೊರಕೆ ಹೊಡೆಯಲ್ಲ."

ಮೂರು ಗಂಟೆಗೆ, ಇರ್ಮ್‌ಗಾರ್ಡ್ ಏಳುವ ಹೊತ್ತಿಗೆ, ಅವರು ಆ ಪಾತ್ರೆ ಹಿಡಿದು ಕೆಳಗೆ ಹೋದರು. ಬುರ್ಮೈಸ್ಟರ್ ಬಾಗಿಲಲ್ಲೇ ನಿಂತು, "ಇದು ಯಾತಕ್ಕೆ?" ಎಂದರು.

"ಬೀದಿಗೆ ಹೋಗೋ ಕರೆಂಟು. ನಿಮ್ಮ ಮನೆಗೆ ಬಿಸಿಲು ಬರಲ್ವಲ್ಲ, ಪಾತ್ರೇಲಿ ತಂದಿದೀನಿ. ಸಕ್ಕರೆ, ದಾಲ್ಚಿನ್ನಿ ಮೇಲೆ ಉದುರಿಸ್ಕೊಳ್ಳಿ. ಒಳಗೆ ಬಿಡ್ತೀರೋ, ಅರ್ಜಿ ಬರೀಬೇಕೋ?"

ಬಿಟ್ಟರು. ಇರ್ಮ್‌ಗಾರ್ಡ್ ಎರಡು ತಟ್ಟೆ ತಿಂದರು. "ಅಮ್ಮ ಮಾಡಿದ್ದು," ಎಂದರು, ಅನುಮಾನವೇ ಇಲ್ಲದೆ. ಗುಡ್ರುನ್ ತಿದ್ದಲಿಲ್ಲ.

ಆ ಬೇಸಿಗೆ ಮತ್ತು ಮುಂದಿನ ವಸಂತವೆಲ್ಲ ಹೀಗೇ ನಡೆಯಿತು. ಮಧ್ಯಾಹ್ನ ಹನ್ನೆರಡಕ್ಕೆ ಇರ್ಮ್‌ಗಾರ್ಡ್ ಅವರನ್ನು ಗಂಡ ತೋಳು ಹಿಡಿದು ಮೂರನೇ ಅಂತಸ್ತಿಗೆ ಹತ್ತಿಸುತ್ತಿದ್ದರು. ಅವರು ಬಾಲ್ಕನಿಯಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದರು, ತುಂಬ ತೆಳ್ಳಗೆ, ತುಂಡಾಗದ ಒಂದೇ ಉದ್ದನೆಯ ಸಿಪ್ಪೆ. ಹೆಸರುಗಳೆಲ್ಲ ಹೋಗಿದ್ದವು, ಕೈ ಮರೆತಿರಲಿಲ್ಲ. ಒಂದು ಹೊಡೆಯುವ ಮುಂಚೆ ಕೆಳಗಿಳಿದು ಮಲಗುತ್ತಿದ್ದರು. ಬುರ್ಮೈಸ್ಟರ್ ಆ ಒಂದು ಗಂಟೆ ಗುಡ್ರುನ್ ಅಡುಗೆಮನೆಯಲ್ಲಿ ಕೂತು, ಬಿಸಿಲಿನ ಪ್ರಕಾರ ಒಲೆಗೆ ವೇಳಾಪಟ್ಟಿ ಬರೆದರು. ಮೋಡಕ್ಕೆ ಬೇರೆ ಪಟ್ಟಿ. ಗುಡ್ರುನ್ ಅದನ್ನು ಬಾಗಿಲಿಗೆ ಅಂಟಿಸಿ, ಒಂದು ದಿನವೂ ಪಾಲಿಸಲಿಲ್ಲ.

ಉಳಿದವರಿಗೂ ಫಲಕದ ಆಸೆ ಹುಟ್ಟಿದಾಗ ಅರ್ಜಿ ತುಂಬಿಕೊಟ್ಟವರು ಬುರ್ಮೈಸ್ಟರ್. ಹನ್ನೊಂದು ಷರತ್ತುಗಳಿಗೂ ಅಂಕೆ ಹಾಕಿ, ಲಗತ್ತು ಸೇರಿಸಿ, ಸಂಘದವರು ಕೇಳಬಹುದಾದ ಪ್ರಶ್ನೆಗೆ ಮುಂಚಿತವಾಗಿ ಉತ್ತರ ಬರೆದಿಡುತ್ತಿದ್ದರು. ಒಂದೂ ತಿರಸ್ಕೃತವಾಗಲಿಲ್ಲ. ಈಗ ನಮ್ಮ ಮೆಟ್ಟಿಲಿನ ಏಳು ಬಾಲ್ಕನಿಗಳಲ್ಲಿ ಫಲಕಗಳಿವೆ, ಒಂದು ನನ್ನದು. ಅದರ ಅಡಿಯಲ್ಲಿ ನೆರಳು ಇಷ್ಟಪಡುವ ಜರೀಗಿಡ ಇಟ್ಟಿದ್ದೇನೆ. ಸಂಘದವರು ಇದರ ಬಗ್ಗೆ ಬಣ್ಣದ ಕರಪತ್ರ ಅಚ್ಚು ಹಾಕಿಸಿದರು, ಅಧ್ಯಕ್ಷರ ಫೋಟೊ ಸಮೇತ. ಗುಡ್ರುನ್ ಅವರ ಹೆಸರಿರಲಿಲ್ಲ. "ದಪ್ಪ ಕಾಗದ, ಸಿಪ್ಪೆ ಹಾಕೋಕೆ ಒಳ್ಳೇದು," ಎಂದು ಅವರು ಐದು ಪ್ರತಿ ತಂದಿಟ್ಟುಕೊಂಡರು.

ಈ ವರ್ಷದ ಶರತ್ಕಾಲದಲ್ಲಿ ಇರ್ಮ್‌ಗಾರ್ಡ್ ಅವರನ್ನು ಆರೈಕೆ ಮನೆಗೆ ಸೇರಿಸಬೇಕಾಯಿತು. ಟ್ರಾಮಿನಲ್ಲಿ ಆರು ನಿಲ್ದಾಣ. ಬುರ್ಮೈಸ್ಟರ್ ವಾರಕ್ಕೆ ನಾಲ್ಕು ದಿನ ಹೋಗುತ್ತಾರೆ. ಬಿಸಿಲಿದ್ದ ದಿನ ಮಡಿಲಲ್ಲಿ ಕಂಬಳಿ ಸುತ್ತಿದ ಪಾತ್ರೆ ಇರುತ್ತದೆ. ಅಲ್ಲಿಗೆ ಮುಟ್ಟುವಾಗ ಅನ್ನ ಸರಿಯಾಗಿ ಬೆಂದಿರುತ್ತದೆ ಎಂದು ಲೆಕ್ಕ ಹಾಕಿಟ್ಟಿದ್ದಾರೆ. ಗುಡ್ರುನ್ ಕೆಲವು ಸಲ ಜೊತೆಗೆ ಹೋಗುತ್ತಾರೆ. ಇರ್ಮ್‌ಗಾರ್ಡ್ ಈಗ ಗುಡ್ರುನ್ ಅವರನ್ನು ಗುರುತು ಹಿಡಿಯುವುದಿಲ್ಲ. ಪಾತ್ರೆಯನ್ನು ಗುರುತು ಹಿಡಿಯುತ್ತಾರೆ.

ಮೊನ್ನೆ ಮೆಟ್ಟಿಲಲ್ಲಿ ಇಬ್ಬರೂ ಸಿಕ್ಕಾಗ ನಾನೂ ಅಲ್ಲಿದ್ದೆ. ಗುಡ್ರುನ್ ಅವರ ಮಣಿಕಟ್ಟಿಗೆ ಪಟ್ಟಿ ಕಟ್ಟಿತ್ತು.

"ಬುರ್ಮೈಸ್ಟರ್ ಅವರೇ, ಈಗ ಮಧ್ಯಾಹ್ನ ಯಾರೂ ಮಲಗಲ್ಲ. ಇನ್ನು ಮೆಷಿನ್ನೇ ಹಿಂಡಲಿ, ಏನಂತೀರಿ?"

ಬುರ್ಮೈಸ್ಟರ್ ನನ್ನ ಕಡೆ ನೋಡಿದರು. "ಬೇಕರಿಯವರು ಮಲಗ್ತಾರೆ," ಎಂದರು.

"ಅವರಾ? ಅವರಿಗೆ ಅಭ್ಯಾಸ ಆಗಿದೆ."

"ಹಾಗಾದ್ರೆ ಬರವಣಿಗೆಯಲ್ಲಿ ಕೊಡಿ. ನಾನೇ ತುಂಬಿಕೊಡ್ತೀನಿ," ಎಂದು ಅವರು ಟೋಪಿ ಸರಿಮಾಡಿಕೊಂಡು ಟ್ರಾಮಿಗೆ ಹೊರಟರು.